ಗಂಜಿ ಬಡಿಸದ ಮನೆ

ಕೋಟೇಶ್ವರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಹರೆಯವನ್ನೆಲ್ಲ ಮಸ್ಕತ್ತಿನಲ್ಲಿ ಕ್ರೇನ್ ಓಡಿಸಿ ಕಳೆದು, ಇನ್ನು ಹೋಗುವುದಿಲ್ಲವೆಂದು ಊರಿಗೆ ಬಂದಿದ್ದರು. ಏನು ಕೇಳಿದರೂ ಕ್ರೇನಿನ ಹಿಡಿಕೆ ಇಳಿಸಿದ ಹಾಗೆ ಬಲಗೈಯನ್ನು ಮೆಲ್ಲನೆ ಇಳಿಸಿ, "ಅಡ್ಡಿಲ್ಲ" ಅನ್ನುತ್ತಿದ್ದರು.

ರಜೆಗೆ ಬಂದಾಗಲೆಲ್ಲ ಅವರಿಗೆ ಕೋಳಿ ಸಾರು, ಮೈ ಒರೆಸಲು ಹೊಸ ಬೈರಾಸು, ಜಗಲಿಯ ಒಳ್ಳೆಯ ಕುರ್ಚಿ. ಕಾಯಂ ಆಗಿ ಬಂದ ಮೇಲೂ ಅದೇ ನಡೆಯಿತು. ಮನೆಯವರೆಲ್ಲ ಅಡುಗೆಮನೆಯಲ್ಲಿ ಕೂತು, ಒಣಮೀನಿನ ಚಟ್ನಿ ನೆಂಚಿಕೊಂಡು ಗಂಜಿ ಉಣ್ಣುತ್ತ ನಗುತ್ತಿದ್ದರೆ, ಅವರೊಬ್ಬರಿಗೆ ಚಾವಡಿಯ ಮೇಜಿನ ಮೇಲೆ ಬೇರೆ ಊಟ. ಒಮ್ಮೆ ನಾನಿದ್ದಾಗಲೇ, "ನಂಗೂ ಗಂಜಿಯೇ ಸಾಕ್" ಅಂದರು.

"ನಾಲ್ಕ್ ದಿನಕ್ಕೆ ಬಂದವ್ರಿಗೆ ಗಂಜಿ ಬಡ್ಸುದಾ?" ಅಂದ ಹೆಂಡತಿ, ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು.

"ಅಡ್ಡಿಲ್ಲ" ಅಂದರು ಅವರು. ಕೋಳಿ ಸಾರಿಗೆ ಕೈ ಹಾಕಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಹಳೆಯ ಕಂಪನಿಗೆ ತಾವಾಗಿಯೇ ಫೋನು ಮಾಡಿದರು. ಹೊರಡುವ ಹಿಂದಿನ ಸಂಜೆ ನಾನು ಹೋದಾಗ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಮನೆಯಲ್ಲಿ ಹಬ್ಬದಂಥ ಗದ್ದಲ. ಹೆಂಡತಿ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದರು. ಇಷ್ಟು ದಿನ ಅಪ್ಪನೆದುರು ಮಾತು ಸಿಗದೆ ಜಾರಿಕೊಳ್ಳುತ್ತಿದ್ದ ಮಗಳು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಿದ್ದಳು. ಹಿಂದೆಲ್ಲ ಫೋನಿನಲ್ಲಿ ಕೇಳುತ್ತಿದ್ದ ಅದೇ ಅಕ್ಕರೆಯ ದನಿಯಲ್ಲಿ ಕೇಳಿದಳು.

"ಅಪ್ಪಯ್ಯ, ಇನ್ನ್ ಊರಿಗೆ ಯಾವಾಗ ಬಪ್ದ್?"

ಅವರು ಅಡ್ಡಿಲ್ಲ ಅನ್ನಲಿಲ್ಲ. ತಲೆ ಬಗ್ಗಿಸಿ ಗಂಟನ್ನು ಇನ್ನಷ್ಟು ಬಿಗಿದರು. ಒಳಗಿನಿಂದ ಕೋಳಿ ಸಾರು ಕುದಿಯುವ ವಾಸನೆ ಬರುತ್ತಿತ್ತು.