ಅಳಿಸಿಹಾಕಿದ ಎರಡು ಜಂಪರ್

ಶಿರಾದ ಖುಷ್ನುಮಾ ಎಂಟನೇ ವಯಸ್ಸಿಗೇ ಬೆಸುಗೆ ಕಡ್ಡಿ ಹಿಡಿದವಳು. ಅಪ್ಪ ಹಬೀಬ್ ಸಾಬ್ ರೇಡಿಯೋ, ಮಿಕ್ಸಿ ರಿಪೇರಿ ಮಾಡುತ್ತಿದ್ದ ಅಂಗಡಿಯೇ ಅವಳ ಮೊದಲ ಶಾಲೆ. ಡಿಪ್ಲೊಮಾ ಮುಗಿಸಿದ ಮೇಲೆ ಮಹಾಲಿಂಗಯ್ಯನವರ ಶೆಡ್ಡಿಗೆ ಸೇರಿ, ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಬೋರ್ಡುಗಳ ನಕ್ಷೆಯನ್ನು ಆರು ವರ್ಷದಿಂದ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು.

ಅಗ್ಗದ ಬೋರ್ಡು, ತಾಮ್ರ ಒಂದೇ ಮಗ್ಗುಲಿಗೆ. ಕರೆಂಟು ಹರಿಯುವ ಒಂದು ಗೆರೆ ಇನ್ನೊಂದನ್ನು ಮುಟ್ಟಿದರೆ ಶಾರ್ಟು. ದಾಟಲೇಬೇಕಾದ ಕಡೆ ಗೆರೆಯನ್ನು ಅಲ್ಲೇ ನಿಲ್ಲಿಸಿ, ಆಚೆಗೊಂದು ಈಚೆಗೊಂದು ತೂತು ಕೊಟ್ಟು, ಮೇಲಿನಿಂದ ತುಂಡು ತಂತಿ ಹಾಯಿಸಬೇಕು. ಅದೇ ಜಂಪರ್. ಹೊಸ ಬೋರ್ಡಿಗೆ ಎಷ್ಟು ತಿಣುಕಿದರೂ ಏಳು ಜಂಪರ್ ಬಿದ್ದವು. ಬೆಸುಗೆ ಹಾಕುವವರು ಮರೆಯಬಾರದೆಂದು ಒಂದೊಂದಕ್ಕೂ ನಂಬರು ಕೊಟ್ಟಳು.

ಮೇಲ್ವಿಚಾರಕ ರಂಗೇಶ, ಮಹಾಲಿಂಗಯ್ಯನವರ ತಂಗಿಯ ಮಗ, ಮುಖ ಸಿಂಡರಿಸಿದ.

"ಏನಮ್ಮಾ ಇದು, ಹರಕಲು ಪಂಚೆಗೆ ತ್ಯಾಪೆ ಹಾಕ್ದಂಗೆ! ಅರವತ್ತು ಬೋರ್ಡು ಈ ವಾರನೇ ಹೋಗ್ಬೇಕು. ಏಳೇಳು ತಂತಿ ಯಾರು ಕತ್ತರಿಸ್ತಾ ಕೂರ್ತಾರೆ?"

"ಕಮ್ಮಿ ಮಾಡಕ್ಕಾಗಲ್ಲ ಸಾರ್. ಮೂರು ಫೇಸು ಕರೆಂಟು ಇದರಲ್ಲೇ ಹೋಗ್ತದೆ."

ಅರವತ್ತು ಬೋರ್ಡೂ ಹೋದ ಇಪ್ಪತ್ತು ದಿನಕ್ಕೆ ಬಡವನಹಳ್ಳಿಯಿಂದ ಸುದ್ದಿ ಬಂತು. ಚಿಕ್ಕನರಸಯ್ಯ ಅನ್ನುವ ರೈತ ಹಸಿರು ಗುಂಡಿ ಒತ್ತಿದ್ದೇ ತಡ, ಬೋರ್ಡು ಭಗ್ಗನೆ ಹೊತ್ತಿಕೊಂಡು ಬಲಗೈ ಸುಟ್ಟಿತ್ತು. ಶೆಡ್ಡಿನವರೆಲ್ಲರ ಎದುರು ರಂಗೇಶ ಕೂಗಾಡಿದ: "ಡಿಸೈನು ಇವಳ್ದೇ ಕಣ್ರಪ್ಪಾ. ಮನೇಲಿ ಸಾರು ಕಾಯಿಸ್ಕೊಂಡಿರೋರ್ಗೆ ಮೂರು ಫೇಸಿನ ಕೆಲ್ಸ ಕೊಟ್ರೆ ಇನ್ನೇನಾಯ್ತದೆ?"

ಖುಷ್ನುಮಾ ಎದ್ದವಳು ನೇರ ಬಡವನಹಳ್ಳಿಯ ಬಸ್ಸು ಹತ್ತಿದಳು.

ಪಂಪ್‌ಹೌಸಿನಲ್ಲಿ ಫ್ಯೂಸು ಕಿತ್ತು, ಕರಕಲಾದ ಬೋರ್ಡನ್ನು ಬಿಚ್ಚಿ ಬಿಸಿಲಿಗೆ ಹಿಡಿದಳು. ಜಂಪರ್ ಐದೇ ಇದ್ದವು. ಉಳಿದೆರಡಕ್ಕೆ ತೂತು ಕೂಡ ಇರಲಿಲ್ಲ. ಮೇಲಿಂದ ದಾಟಬೇಕಾಗಿದ್ದ ಗೆರೆಯನ್ನು ಯಾರೋ ಎರಡು ಫೇಸುಗಳ ನಡುವಿನ ಸಂದಿಯಲ್ಲಿ ತೂರಿಸಿದ್ದರು. ಕೂದಲೆಳೆಯಷ್ಟು ಜಾಗ. ಸುಟ್ಟದ್ದೂ ಅಲ್ಲೇ.

"ಇದು ನಾನ್ ಬರ್ದಿದ್ದಲ್ಲ ಕಣಣ್ಣ," ಎಂದಳು.

ಚಿಕ್ಕನರಸಯ್ಯ ಬ್ಯಾಂಡೇಜಿನ ಕೈ ಎತ್ತಿದ. "ಯಾರ್ ಬರ್ದ್ರೇನವ್ವಾ, ಉರೀತಿರೋದು ನಂದಲ್ವಾ?"

ಆ ಮಾತು ಚುರ್ರೆಂದಿತು. ಬೋರ್ಡು ತಯಾರಿಕೆಗೆ ಹೋಗುವ ಮುನ್ನ ಫೈಲನ್ನು ಇನ್ನೊಮ್ಮೆ ತೆಗೆದು ನೋಡದ ತನ್ನ ಮೇಲೂ ಅವಳಿಗೆ ರೋಷ ಉಕ್ಕಿತು.

ಶೆಡ್ಡಿಗೆ ಬಂದವಳೇ ಫೈಲು ತೆಗೆದಳು. ಕೊನೆಯ ಬದಲಾವಣೆ ರಂಗೇಶನ ಹೆಸರಿನಲ್ಲಿತ್ತು. ತನ್ನ ನಕ್ಷೆ, ಅವನ ನಕ್ಷೆ ಎರಡನ್ನೂ ಪ್ರಿಂಟು ತೆಗೆದು ಮಹಾಲಿಂಗಯ್ಯನವರ ಮೇಜಿಗೆ ಬಡಿದಳು.

"ಗೆರೆ ಇಷ್ಟು ಹತ್ರ ಬಂದ್ರೆ ಸಾಫ್ಟ್‌ವೇರು ಕೆಂಪಗೆ ತೋರಿಸ್ತದೆ ಸಾರ್. ಇವರು ಜಂಪರ್ ಅಳಿಸಿದ್ದಲ್ದೆ, ಆ ಚೆಕ್ಕಿಂಗನ್ನೇ ಆಫ್ ಮಾಡವ್ರೆ."

"ಸಣ್ಣದೊಂದು ಅಡ್ಜಸ್ಟ್‌ಮೆಂಟು..." ರಂಗೇಶ ತೊದಲಿದ.

"ಸಣ್ಣದಾ? ಹೋಗಿ ಆ ಅಣ್ಣನ ಕೈ ನೋಡ್ಕೊಂಡ್ ಬಂದು ಹೇಳ್ರೀ!" ಅವಳ ಕೂಗಿಗೆ ಶೆಡ್ಡಿನವರೆಲ್ಲ ಇತ್ತ ತಿರುಗಿದರು.

ಮಹಾಲಿಂಗಯ್ಯ ದನಿ ತಗ್ಗಿಸಿದರು. "ಆಯ್ತು ಬುಡವ್ವ. ಆಸ್ಪತ್ರೆದೆಲ್ಲ ನಾನ್ ನೋಡ್ಕೊಂತೀನಿ. ಹೊರಗೆ ಮಾತ್ರ ಗೊತ್ತಾಗದು ಬ್ಯಾಡ."

"ಇನ್ನೂ ಐವತ್ತೊಂಬತ್ತು ಬೋರ್ಡು ಹೊರಗವೆ. ಎಲ್ರಿಗೂ ಮೋಟ್ರು ಹಾಕ್ಬೇಡಿ ಅಂತ ಈಗ್ಲೇ ನೀವು ಫೋನ್ ಮಾಡ್ತೀರೋ, ನಾನೇ ಮಾಡ್ಲೋ?"

ಅವಳ ಮುಖವನ್ನೇ ದಿಟ್ಟಿಸಿ, ಮುದುಕರು ಮೊಬೈಲು ಕೈಗೆತ್ತಿಕೊಂಡರು.

ಹನ್ನೆರಡು ದಿನ ಖುಷ್ನುಮಾ ಕೊರಟಗೆರೆಯಿಂದ ಪಾವಗಡದವರೆಗೆ ಪಂಪ್‌ಹೌಸುಗಳನ್ನು ಸುತ್ತಿದಳು. ಆ ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, ಹೊಸದಾಗಿ ತೂತು ಕೊರೆದು, ಎರಡೆರಡು ಜಂಪರ್ ಬೆಸೆದಳು. ಐ.ಡಿ.ಹಳ್ಳಿಯಲ್ಲಿ ಒಂದು ಬೋರ್ಡು ಅದೇ ಜಾಗದಲ್ಲಿ ಆಗಲೇ ಕಪ್ಪಿಟ್ಟಿತ್ತು.

ಹದಿಮೂರನೆಯ ದಿನ, ಕೆಲಸ ಬಿಟ್ಟೆನೆಂದು ಶೆಡ್ಡಿನ ಬೀಗದ ಕೈ ತಂದು ಮಹಾಲಿಂಗಯ್ಯನವರ ಮೇಜಿನ ಮೇಲಿಟ್ಟಳು.

"ಎಲ್ಲ ಸರಿಹೋಯ್ತಲ್ಲವ್ವಾ, ಇನ್ನ್ಯಾಕೆ ಸಿಟ್ಟು?" ಎಂದರು ಮಹಾಲಿಂಗಯ್ಯ.

"ಸರಿ ಮಾಡಿದ್ದು ನಾನು ಸಾರ್. ತಪ್ಪು ಮಾಡಿದೋರು ಅದೇ ಕುರ್ಚಿಲಿ ಕೂತವ್ರೆ."

ಈಗವಳು ಶಿರಾದಲ್ಲಿ ಸ್ವಂತವಾಗಿ ಬೋರ್ಡು ಬರೆದುಕೊಡುತ್ತಾಳೆ. ತನ್ನ ಸಹಿಯಿಲ್ಲದೆ ಒಂದು ಗೆರೆ ಅಲುಗಿಸಿದರೂ ಆ ಗಿರಾಕಿಯನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಂಗೇಶ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಏನೂ ಆಗಿಲ್ಲವೆಂಬಂತೆ ನಗುತ್ತಾನೆ. ಖುಷ್ನುಮಾ ನಗುವುದಿಲ್ಲ.