ರೀಡ್ ಟೈಮ್‌ಔಟ್ ಮರೆತ ದಿನ

ಒಮಾನಿನ ಅಲ್ ಖುವೈರ್‌ನ ನಮ್ಮ ಆಫೀಸಿನಲ್ಲಿ ನನಗೆ ಟೀಮ್ ಲೀಡ್ ಆಗಿದ್ದವರು ಧಾರವಾಡದ ಕಡೆಯ ಹೆಂಗಸು. ನಮ್ಮ ಜಾವಾ ಕೋಡ್ ಓದುವಾಗ ಕನ್ನಡಕವನ್ನು ಹಣೆಗೇರಿಸಿ, "ಎಷ್ಟೊತ್ತು ಕಾಯೂದಂತ ಬರದೀಯೇನಪಾ?" ಎಂದು ತಪ್ಪದೆ ಕೇಳುತ್ತಿದ್ದರು.

ಒಮ್ಮೆ ಅವರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ಅದು ಕ್ಲಿನಿಕ್ಕೊಂದರ ಔಷಧಿ ಕೌಂಟರಿನ ಪ್ರೋಗ್ರಾಂ. ಸರ್ವರಿನ ಸಂಪರ್ಕ ಸಿಗಲು ಐದು ಸೆಕೆಂಡು ಕಾಯುವಂತೆ ಬರೆದಿದ್ದೆ. ಸಂಪರ್ಕ ಸಿಕ್ಕ ಮೇಲೆ ಉತ್ತರಕ್ಕಾಗಿ ಎಷ್ಟು ಕಾಯಬೇಕೆಂಬ ರೀಡ್ ಟೈಮ್‌ಔಟ್ ಮರೆತಿದ್ದೆ. ಒಂದು ಬೆಳಿಗ್ಗೆ ಸರ್ವರ್ ಸಂಪರ್ಕ ಕೊಟ್ಟು ಸುಮ್ಮನಾಯಿತು. ಕೌಂಟರಿನ ಕಂಪ್ಯೂಟರುಗಳೆಲ್ಲ ಉತ್ತರಕ್ಕೆ ಕಾಯುತ್ತಲೇ ಸ್ತಬ್ಧವಾಗಿ, ಯಾರಿಗೂ ಔಷಧಿ ಸಿಗಲಿಲ್ಲ.

"ಇದು ಯಾರ ಕೋಡ್ ಮಾರಾಯ್ರೆ?" ಎಂದು ಮಂಗಳೂರು ಕಡೆಯ ನಮ್ಮ ಮ್ಯಾನೇಜರ್ ಕೇಳಿದರು.

"ನಾನ ನೋಡಿ ಪಾಸ್ ಮಾಡೀನ್ರಿ. ನಂದ ತಪ್ಪು," ಎಂದರು ಲೀಡ್.

ಕೋಡ್ ಸರಿಪಡಿಸಿದೆವು. ಆಮೇಲೆ ಲೀಡ್ ನನ್ನನ್ನು ಕಾರಿನಲ್ಲಿ ಅಲ್ ಅಮೇರಾತ್‌ನ ಆ ಕ್ಲಿನಿಕ್ಕಿಗೆ ಕರೆದೊಯ್ದರು. ಇನ್ಸುಲಿನ್‌ಗೆಂದು ಬಂದು ಬೆಳಗಿನಿಂದ ಕೂತಿದ್ದ ಒಮಾನಿ ಮುದುಕರೊಬ್ಬರ ಮುಂದೆ ನಿಂತು, ಹರಕುಮುರುಕು ಅರಬಿಯಲ್ಲಿ ಕ್ಷಮೆ ಕೇಳಿದರು. ಔಷಧಿ ಕೈಗೆ ಬಂದಾಗ ಮುದುಕರು ನಕ್ಕು, "ಖಲಾಸ್" ಎಂದರು, ಆಯಿತು ಬಿಡಿ ಎನ್ನುವಂತೆ.

ವಾಪಸು ಬರುವಾಗ ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಕೇಳಿದ್ದು ಇಷ್ಟೇ:

"ಮುಂಜಾನಿಂದ ಏನರ ತಿಂದೀಯಿಲ್ಲೋ?"

ಆಗ ನನಗೆ ಅಳು ತಡೆಯಲಾಗಲಿಲ್ಲ.