ಮದುವೆ ಮನೆಯ ಕುದುರೆ

ಪುಟ್ಟೇನಹಳ್ಳಿಯ ಕಲ್ಯಾಣ ಮಂಟಪದ ಮುಂದೆ ಹುಬ್ಬಳ್ಳಿ ಕಡೆಯವರ ಮದುವೆ ಮೆರವಣಿಗೆ ನಿಂತಿತ್ತು. ಎಲ್ಲರೂ ಮದುಮಗನನ್ನು ನೋಡುತ್ತಿದ್ದರೆ, ನನ್ನ ಜೊತೆ ಬಂದಿದ್ದ ಸೋದರಮಾವ ಮಾತ್ರ ಅವನು ಕೂತಿದ್ದ ಕುದುರೆಯ ಹಿಂಗಾಲನ್ನೇ ದಿಟ್ಟಿಸುತ್ತಿದ್ದರು.

ಮಾವನಿಗೆ ರೇಸಿನ ಹುಚ್ಚು. ದೊಡ್ಡ ರೇಸು ಹತ್ತಿರವಾದರೆ ನನಗೂ ಪಾಠ ಶುರು. ಹೆಸರಿಗೆ ಮರುಳಾಗಬೇಡ, ಕಿವಿ ನೋಡು, ನಡಿಗೆ ನೋಡು. ಗೆದ್ದ ಕುದುರೆಗೆ ಮುಂದಿನ ಸಲ ಹೆಚ್ಚು ತೂಕ ಹೊರಿಸುತ್ತಾರೆ, ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಅಳೆಯುವುದೇ ವಿದ್ಯೆ ಎನ್ನುತ್ತಿದ್ದರು.

ಈ ಕುದುರೆಯ ಮೇಲೆ ದಢೂತಿ ಮದುಮಗನ ಜೊತೆಗೆ ಅವನ ಅಕ್ಕನ ಮಕ್ಕಳಿಬ್ಬರೂ ಇದ್ದರು. ಮಾವ ಮುಂದೆ ಹೋಗಿ ಅದರ ಜರಿಯ ಮುಖಪಟ್ಟಿ ಸರಿಸಿದರು. ಎಡಗಿವಿಯ ತುದಿ ಸೀಳಿತ್ತು.

"ಇವಳೇ ಕಣಮ್ಮಾ. ದೊಡ್ಡ ರೇಸ್‌ನಲ್ಲಿ ಯಾರೂ ನಂಬದೇ ಇದ್ದಾಗ ನಾನ್ ದುಡ್ ಕಟ್ಟಿದ್ದು ಇವಳ್ಮೇಲೇ. ಗೆದ್ಬಿಟ್ಲು" ಎಂದರು.

ಅಷ್ಟರಲ್ಲಿ ಯಾರೋ ಪಟಾಕಿ ಸರ ಹಚ್ಚಿದರು. ಕುದುರೆ ಕತ್ತು ಚಾಚಿ, ರೇಸಿನ ಗೇಟು ತೆರೆದಂತೆ ಮುಂದಕ್ಕೆ ಚಿಮ್ಮಿತು. ಲಗಾಮು ಹಿಡಿದವನು ಜಗ್ಗಿದ, ಹಿಂಗಾಲು ಕುಸಿಯಿತು. ಜನ ನಕ್ಕರು.

"ಮಕ್ಕಳ್ನಾದ್ರೂ ಇಳ್ಸಪ್ಪಾ, ತಡೀತಿಲ್ಲ ಅದು" ಎಂದು ಮಾವ ಲಗಾಮಿನವನನ್ನು ಅಂಗಲಾಚಿದರು.

"ಫೋಟೊ ಆಗ್ಲಿ ಇರಿ, ಯಜಮಾನ್ರೇ" ಎಂದನವನು.

ನಾವು ಊಟಕ್ಕೆ ನಿಲ್ಲಲಿಲ್ಲ. ಈಗ ದೊಡ್ಡ ರೇಸು ಬಂದರೆ, ಯಾವುದು ಗೆಲ್ಲುತ್ತೆ ಮಾವ ಎಂದು ನಾನೇ ಕೇಳುತ್ತೇನೆ. "ಯಾವ್ದು ಗೆದ್ರೂ ಕೊನೆಗೆ ಇಂಗೇ ತಾನೇ" ಎಂದು ಅವರು ಟಿವಿ ಆರಿಸಿಬಿಡುತ್ತಾರೆ.